ನಾಲ್ಕನೇ ಲೈನಿನ ಪಾಳಿ

ಜಹೀರಾಬಾದಿನಲ್ಲಿ ನಾನು ಸಂಜೆ ತಿರುಗಾಡಲು ಹೋಗುವ ದಾರಿಯಲ್ಲಿ ಒಂದು ಕಬಾಡಿ ಅಂಗಡಿ ಇದೆ. ಒಡೆದ ಸೈಕಲ್ಲು, ತುಕ್ಕು ಹಿಡಿದ ಕೂಲರು, ಕಾಲು ಮುರಿದ ಕುರ್ಚಿ ಎಲ್ಲ ಕೊನೆಗೆ ಅಲ್ಲಿಗೇ ಬಂದು ಬೀಳುತ್ತವೆ. ಹೋದ ತಿಂಗಳು ಆ ಅಂಗಡಿಯವನು ಹಿಂದಿನ ಬಯಲಿನಲ್ಲಿ ವೈರುಗಳನ್ನು ಸುಡುತ್ತಿದ್ದ. ಮೇಲಿನ ಪ್ಲಾಸ್ಟಿಕ್ ಸುಟ್ಟರೆ ಒಳಗಿನ ತಾಮ್ರ ಸಿಗುತ್ತದೆ. ಆ ವಾಸನೆ ಮೂಗಿಗೆ ಬಡಿದದ್ದೇ ನನ್ನ ಕಾಲು ನಿಂತವು. ಬೆಂಕಿಯ ಪಕ್ಕದಲ್ಲಿ ಹಳೆಯ ಕಂಪ್ಯೂಟರುಗಳ ಹಸಿರು ಹಲಗೆಗಳು ಗುಡ್ಡೆ ಬಿದ್ದಿದ್ದವು. ಬಗ್ಗಿ ಒಂದನ್ನು ಕೈಗೆತ್ತಿಕೊಂಡೆ. ಅದರ ಮೂಲೆಯಲ್ಲಿ ಸೂಜಿಯಂಥ ಕಡ್ಡಿಗಳ ಸಾಲು, ಆ ಸಾಲಿನಲ್ಲಿ ಎರಡು ಕಡ್ಡಿಗಳ ಮೇಲೆ ಮಾತ್ರ ಜೋಳದ ಕಾಳಿನಷ್ಟು ದೊಡ್ಡ ಕಪ್ಪು ಮುಚ್ಚಳ. “ಏನ್ರಿ ಚಾಚಾ, ಬೇಕೇನು ಅದು?” ಎಂದು ಅಂಗಡಿಯವನು ಕೇಳಿದ. ಬೇಡವೆಂದು ಅಲ್ಲೇ ಇಟ್ಟು ಮನೆಗೆ ಬಂದೆ. ಆ ದಿನ ಊಟ ಸೇರಲಿಲ್ಲ.

ಯಾಕೆ ಸೇರಲಿಲ್ಲ ಎಂದು ಹೇಳಬೇಕಾದರೆ ಮೊದಲು ಆ ಮುಚ್ಚಳ ಏನು ಮಾಡುತ್ತದೆ ಎಂದು ಹೇಳಬೇಕು. ಕಂಪ್ಯೂಟರಿನ ಒಳಗನ್ನು ನೋಡದವರು ಹೆದರಬೇಕಾಗಿಲ್ಲ. ನಾನೂ ಹೈಸ್ಕೂಲಿನಾಚೆ ಓದಿದವನಲ್ಲ.

ಚಿಕ್ಕವನಿದ್ದಾಗ ಅಪ್ಪನ ಜೊತೆ ಹೊಲದ ಕೆಲಸಕ್ಕೆಂದು ತಹಸೀಲ್ ಕಚೇರಿಗೆ ಹೋಗುತ್ತಿದ್ದೆ. ಬಾಗಿಲ ಬಳಿ ಬೆಂಚಿನ ಮೇಲೆ ಒಬ್ಬ ಜವಾನ, ಅವನ ತಲೆಯ ಮೇಲೆ ಗೋಡೆಗೆ ಗಂಟೆಗಳ ಸಾಲು. ಒಂದೊಂದು ಕೋಣೆಗೂ ಒಂದೊಂದು ಗಂಟೆ. ಯಾವ ಗಂಟೆ ಹೊಡೆಯಿತೋ ನೋಡಿಕೊಂಡು ಅವನು ಕೈಯಲ್ಲಿದ್ದ ಬೀಡಿ ಆರಿಸಿ ಆ ಕೋಣೆಗೆ ಓಡುತ್ತಿದ್ದ. ಹಳೆಯ ಕಂಪ್ಯೂಟರಿನೊಳಗೂ ಇದೇ ವ್ಯವಸ್ಥೆ. ಕೀಲಿಮಣೆ, ಮೌಸು, ಗಡಿಯಾರ, ಪ್ರಿಂಟರು ಇವೆಲ್ಲ ತಮ್ಮ ಕೆಲಸ ಬಂದಾಗ ನಡುವಿನ ಯಂತ್ರವನ್ನು ಕರೆಯುತ್ತವೆ. ಕರೆಯಲು ಒಂದೊಂದಕ್ಕೂ ಒಂದೊಂದು ಲೈನು. ಇಂಗ್ಲಿಷಿನಲ್ಲಿ ಇಂಟರಪ್ಟ್ ಲೈನ್ ಎನ್ನುತ್ತಾರೆ. ಮಾಡುತ್ತಿರುವ ಕೆಲಸದ ನಡುವೆ ಬಾಯಿ ಹಾಕುವ ದಾರಿ ಎಂದು ನಾನು ತಿಳಿದುಕೊಂಡಿದ್ದೆ.

ತೊಂದರೆ ಏನೆಂದರೆ ಲೈನುಗಳು ಕಡಿಮೆ, ಸಾಮಾನುಗಳು ಹೆಚ್ಚು. ಎರಡು ಕೋಣೆಗೆ ಒಂದೇ ಗಂಟೆ ಕಟ್ಟಿದರೆ ಜವಾನ ಏನು ಮಾಡಬೇಕು? ಹೊಸ ಯಂತ್ರಗಳು ಅದನ್ನು ಕಲಿತಿವೆ. ಗಂಟೆ ಬಾರಿಸಿದರೆ ಆ ಲೈನಿನ ಮೇಲಿರುವ ಪ್ರತಿಯೊಬ್ಬರ ಬಾಗಿಲಿಗೂ ಹೋಗಿ ‘ಕರೆದವನು ನೀನೇನಾ’ ಎಂದು ಕೇಳುತ್ತವೆ. ಹಳೆಯವಕ್ಕೆ ಆ ಸೌಜನ್ಯ ಇರಲಿಲ್ಲ. ಒಬ್ಬನ ಕಡೆ ಓಡಿದರೆ ಇನ್ನೊಬ್ಬ ಕಲ್ಲಾಗಿ ಕೂತಿರುತ್ತಿದ್ದ. ಆ ಕಪ್ಪು ಮುಚ್ಚಳ ಇರುವುದು ಇದಕ್ಕೇ. ಅದನ್ನು ಕಿತ್ತು ಪಕ್ಕದ ಕಡ್ಡಿಗಳ ಮೇಲೆ ಕೂಡಿಸಿದರೆ ಆ ಸಾಮಾನು ಬೇರೆ ಲೈನಿಗೆ ಹೋಗುತ್ತದೆ. ಅದಕ್ಕೆ ಜಂಪರ್ ಎಂದು ಹೆಸರು. ನಮ್ಮ ಕಡೆ ಜಂಪರ್ ಎಂದರೆ ಹೆಂಗಸರು ತೊಡುವ ಕುಪ್ಪಸ. ಮೊದಲ ಸಲ ಆ ಮಾತು ಕೇಳಿದಾಗ ನಾನು ನಾಚಿಕೊಂಡಿದ್ದೆ. ಆಮೇಲೆ ನಾಚಬೇಕಾದ ಕಡೆ ನಾಚಲಿಲ್ಲ.

ನಾರಾಯಣಖೇಡದಲ್ಲಿ, ನಾವು ಖೇಡ ಎಂದಷ್ಟೇ ಕರೆಯುವ ಊರಿನಲ್ಲಿ, ಬಸ್ ಸ್ಟ್ಯಾಂಡಿನ ಎದುರು ನನ್ನದೊಂದು ಟೈಪಿಂಗ್ ಇನ್‌ಸ್ಟಿಟ್ಯೂಟ್ ಇತ್ತು. ಊರಿನವರು ನನ್ನನ್ನು ಟೈಪ್ ಮಾಸ್ತರ್ ಎನ್ನುತ್ತಿದ್ದರು. ಟೈಪ್ ಕಲಿಯುವವರು ಕಡಿಮೆಯಾಗುತ್ತ ಬಂದಾಗ ನನಗೆ ದಿಕ್ಕು ತೋಚಲಿಲ್ಲ. ಆಗ ಬಂದವನು ಅಂಬಾದಾಸ. ಮನೂರಿನ ಕಡೆಯ ಹಳ್ಳಿಯವನು, ನನ್ನ ಹತ್ತಿರವೇ ಟೈಪ್ ಕಲಿತವನು. “ಅಣ್ಣಾ, ನಿನ್ನ ಹತ್ರ ಜಾಗಾ ಅದ, ನಾ ಒಂದು ಸೆಕೆಂಡ್ ಹ್ಯಾಂಡ್ ಕಂಪ್ಯೂಟರ್ ತರ್ತೀನಿ, ಕೂಡಿ ಮಾಡಮು” ಎಂದ. ಜಾಗ ನನ್ನದು, ಯಂತ್ರ ಅವನದು, ಬಂದದ್ದರಲ್ಲಿ ಸಮಪಾಲು. ಹೀಗೆ ಶುರುವಾಯಿತು.

ಅವನ ಮನೆಯವರು ಬುದ್ಧನನ್ನು ನಂಬಿದವರು. ನಮ್ಮದು ಲಿಂಗ ಕಟ್ಟಿದ ಮನೆ. ನಾವಿಬ್ಬರೂ ಒಂದೇ ಗ್ಲಾಸಿನ ಚಹಾ ಅರ್ಧರ್ಧ ಕುಡಿಯುತ್ತಿದ್ದೆವು. ಅದನ್ನು ಯಾರಾದರೂ ನೋಡಲಿ ಎಂದು ನಾನು ಹೊರಗಿನ ಕಟ್ಟೆಯ ಮೇಲೆ ಕೂತು ಕುಡಿಯುತ್ತಿದ್ದೆ. ಅಷ್ಟಕ್ಕೇ ನನ್ನನ್ನು ನಾನು ದೊಡ್ಡ ಮನುಷ್ಯ ಅಂದುಕೊಂಡಿದ್ದೆ.

ಅದು ಪ್ರತ್ಯೇಕ ತೆಲಂಗಾಣ ರಾಜ್ಯದ ಮಾತು ಮತ್ತೆ ಎದ್ದ ಕಾಲ. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ತೆಲುಗು, ಬಸ್ಸಿನಲ್ಲಿ ದಖನಿ ಆಡುವ ನಮ್ಮ ಮಂದಿಯೂ ರಸ್ತೆಗೆ ಇಳಿದಿದ್ದರು. ಅಂಬಾದಾಸನ ತಾಯಿ ಸೋನಮ್ಮ ಎಲ್ಲರಿಗಿಂತ ಮುಂದೆ. ಸಂತೆಯ ದಿನ ಸೆರಗಿನಲ್ಲಿ ಹಸಿ ತೊಗರಿಕಾಯಿ ಕಟ್ಟಿಕೊಂಡು ಬಂದು ಅಂಗಡಿಯ ಮೆಟ್ಟಿಲ ಮೇಲೆ ಕೂಡುತ್ತಿದ್ದಳು.

“ಏನ್ರಿ ಮಾಸ್ತರ್, ನನ್ನ ಮಗನ ಕೈಲಿ ಕೆಲಸ ಮಾಡಿಸ್ತೀರೋ, ಬರೇ ಛಾ ತರಿಸ್ತೀರೋ?”

“ಛಾ ಅಂವ ಚಲೋ ತರ್ತಾನ ಸೋನಮ್ಮ, ಕೆಲಸದ್ದೇ ಹೇಳಾಕ ಬರಂಗಿಲ್ಲ.”

“ಹಂಗಾರ ನೀವು ಹ್ವಾದ ಜನ್ಮದಾಗ ಪುಣ್ಯ ಮಾಡೀರಿ. ಮನ್ಯಾಗ ನನಗ ಒಂದು ಚೆರಗಿ ನೀರ ಸೈತ ಕೊಡಂಗಿಲ್ಲ.”

ರಸ್ತೆ ತಡೆ ಇದ್ದ ದಿನ ತಮ್ಮ ಓಣಿಯ ಹೆಂಗಸರನ್ನೆಲ್ಲ ಕರೆದುಕೊಂಡು ಬಂದು ಡಾಂಬರಿನ ಮೇಲೆ ಕೂಡುತ್ತಿದ್ದಳು. ಇಡೀ ದಿನ ಬಿಸಿಲಲ್ಲಿ ಕೂತರೆ ಮೈ ನೋಯುವುದಿಲ್ಲವೇ ಎಂದು ಒಮ್ಮೆ ಕೇಳಿದೆ. “ಹೊಲದಾಗ ಬಗ್ಗಿದ್ರ ಸೊಂಟ ನೋಯ್ತದ್ರಿ. ರಸ್ತಾದಾಗ ಬರೇ ಕುಂದ್ರೋದು. ತೆಲಂಗಾಣ ಬರೂತನ ಕುಂದ್ರಂದ್ರ ಕುಂದರ್ತೀನಿ” ಎಂದಳು. ಅವಳಿಗೆ ಅದು ಆಟವಾಗಿರಲಿಲ್ಲ. ಮಗ ಪಟ್ಟಣದಲ್ಲಿ ಅದೇ ಚಳವಳಿಯ ಕರಪತ್ರದ ಕೆಲಸ ಮಾಡುತ್ತಾನೆ ಎಂಬುದು ಅವಳ ಹೆಮ್ಮೆ. ಇದನ್ನು ಸ್ವಲ್ಪ ನೆನಪಿನಲ್ಲಿಡಿ.

ಒಂದು ದಿನ ಅಂಬಾದಾಸ ಜಹೀರಾಬಾದಿನಿಂದ ಹಳೆಯ ಮೋಡೆಮ್ ಒಂದನ್ನು ತಂದ. ಟೆಲಿಫೋನಿನ ಮೂಲಕ ಇಂಟರ್‌ನೆಟ್ಟಿಗೆ ಸೇರಿಸುವ ಹಲಗೆ ಅದು. ಕಂಪ್ಯೂಟರಿನ ಹೊಟ್ಟೆ ಬಿಚ್ಚಿ ಅದನ್ನು ಕೂಡಿಸಿದವನು ನಾನೇ. ನಂಬರು ಹಚ್ಚಿದಾಗ ಅದು ಬೆಕ್ಕಿನ ಜಗಳದಂತೆ ಕಿರಿಚಿ ಆಮೇಲೆ ಸುಮ್ಮನಾಗುತ್ತಿತ್ತು. ಸುಮ್ಮನಾಯಿತೆಂದರೆ ಸೇರಿತು ಎಂದರ್ಥ. ಖೇಡದಲ್ಲಿ ಅದು ದೊಡ್ಡ ಸುದ್ದಿ. ದುಬೈಗೆ ಹೋದವರ ಮನೆಯವರು, ಪರೀಕ್ಷೆ ಬರೆದ ಹುಡುಗಿಯರು, ಎಲ್ಲ ಬಾಗಿಲಲ್ಲಿ.

ಆದರೆ ಮೋಡೆಮ್ ಕಿರಿಚಿದ ಕೂಡಲೇ ಮೌಸು ಸಾಯುತ್ತಿತ್ತು. ಪರದೆಯ ಮೇಲಿನ ಬಾಣ ಎಲ್ಲಿದ್ದರೆ ಅಲ್ಲೇ ನಿಲ್ಲುವುದು. ಎಷ್ಟೋ ಸಲ ಇಡೀ ಯಂತ್ರವನ್ನೇ ಆರಿಸಿ ಮತ್ತೆ ಹಚ್ಚಬೇಕಾಗುವುದು. ಕಡತ ಉಳಿಸಿಡದಿದ್ದರೆ ಅದುವರೆಗಿನ ಕೆಲಸ ಹೋಯಿತು. ನನ್ನದು ಲಗ್ನಪತ್ರಿಕೆ, ಕರಪತ್ರಗಳ ಪುಟ ಜೋಡಿಸುವ ಕೆಲಸ. ಮೌಸಿಲ್ಲದೆ ಅದು ಆಗದು. “ಬಾಣ ಸತ್ತದ ಅಣ್ಣಾ, ಮಣ್ಣ ಮಾಡಿ ಬರಮು ನಡಿ” ಎಂದು ಅಂಬಾದಾಸ ನಗುತ್ತಿದ್ದ. ನನಗೆ ನಗು ಬರುತ್ತಿರಲಿಲ್ಲ.

ಆ ವಾರವೇ ಪ್ರಿಂಟರಿನ ರಿಬ್ಬನ್ನು ತರಲು ಹೈದರಾಬಾದಿಗೆ ಹೋದೆ. ಸಾಮಾನಿನ ಅಂಗಡಿಯವನಿಗೆ ತೊಂದರೆ ಹೇಳಿದೆ. ಅವನು ತಲೆ ಎತ್ತದೆಯೇ, “ದೋನೋ ಚಾರ್ ನಂಬರ್ ಪೇ ಬೈಠೇ ಹೈ ಮಾಸ್ತರ್. ಮೋಡೆಮ್ ಕಾ ಜಂಪರ್ ನಿಕಾಲ್ ಕೇ ಪಾಂಚ್ ಪೇ ಡಾಲೋ, ಪಾಂಚ್ ಖಾಲೀ ಹೈ” ಎಂದ. ಮೌಸಿರುವುದು ನಾಲ್ಕನೇ ಲೈನಿನ ಮೇಲೆ. ಮೋಡೆಮೂ ಅಲ್ಲೇ ಕೂತಿದೆ. ಐದನೇ ಲೈನು ಬರಿದೇ ಬಿದ್ದಿದೆ. ಇಷ್ಟೇ.

ಬಸ್ಸಿನಲ್ಲಿ ಬರುವಾಗ ಅಂಬಾದಾಸನಿಗೆ ಹೇಗೆ ಹೇಳಬೇಕು, ಅವನ ಮುಖ ಹೇಗಾಗುತ್ತದೆ ಎಂದೆಲ್ಲ ಅಂದುಕೊಂಡು ಒಬ್ಬನೇ ನಗುತ್ತಿದ್ದೆ. ಇದು ನಿಜ. ನಾನು ಹೇಳಬೇಕೆಂದೇ ಹೊರಟಿದ್ದೆ. ಖೇಡದಲ್ಲಿ ಇಳಿದು ಅಂಗಡಿಗೆ ಬಂದೆ. ಒಳಗೆ ಮಂದಿ ತುಂಬಿದ್ದರು. ಅಂಬಾದಾಸ ನನ್ನ ಕುರ್ಚಿಯಲ್ಲಿ ಕೂತಿದ್ದ. ಬಾಗಿಲಲ್ಲಿ ನಿಂತಿದ್ದವನೊಬ್ಬ ನನ್ನನ್ನು ನೋಡಿ, “ಜರಾ ಸರೀರಿ ಮಾಸ್ತರ್, ಸರತಿ ಅದ” ಎಂದ. ನನ್ನ ಅಂಗಡಿಯಲ್ಲಿ ನನಗೇ ಸರತಿ. ಜಾಗ ಬಿಡಿಸಿಕೊಂಡು ಒಳಗೆ ಬಂದಾಗ ಅಂಬಾದಾಸ ಕೇಳಿದ, “ಏನಂದ್ರಣ್ಣಾ ಹೈದ್ರಾಬಾದದಾಗ? ಇಲಾಜ್ ಅದ ಏನು?”

“ಏನೂ ಇಲ್ಲಂತ. ಒಂದ ಲೈನದಾಗ ಎರಡು ಇದ್ರ ಹಿಂಗೇ ಅಂತ” ಎಂದೆ.

ಅದರಲ್ಲಿ ಅರ್ಧ ನಿಜವಿತ್ತು. ಅರ್ಧ ನಿಜವನ್ನು ಹೇಳಲು ನಾಲಿಗೆ ತಡವರಿಸುವುದಿಲ್ಲ ಎಂದು ಆ ದಿನ ಕಲಿತೆ.

ಅಂಬಾದಾಸ ನಂಬಿದ. ಯಂತ್ರದ ಹೊಟ್ಟೆಯ ವಿಷಯ ನನ್ನದು, ಅವನೆಂದೂ ಅದನ್ನು ಬಿಚ್ಚಿದವನಲ್ಲ. ದಾರಿಯನ್ನೂ ಅವನೇ ಹುಡುಕಿದ. “ಪಾಳಿ ಹಚ್ಚಮು” ಎಂದ. ನಮ್ಮ ಕಡೆ ಒಂದು ಬಾವಿಗೆ ಇಬ್ಬರು ಅಣ್ಣತಮ್ಮಂದಿರು ಪಾಲುದಾರರಾದರೆ ನೀರನ್ನು ಪಾಳಿಯ ಮೇಲೆ ಹಂಚಿಕೊಳ್ಳುತ್ತಾರೆ. ಒಬ್ಬನ ಪಾಳಿಯಲ್ಲಿ ಇನ್ನೊಬ್ಬ ಮೋಟರಿನ ಗುಂಡಿ ಮುಟ್ಟುವಂತಿಲ್ಲ. ಹಾಗೆಯೇ ಇದು. ಸಂಜೆ ನಾಲ್ಕರವರೆಗೆ ಮೌಸಿನ ಪಾಳಿ, ಅಂದರೆ ನನ್ನದು. ನಾಲ್ಕರ ನಂತರ ಮೋಡೆಮಿನ ಪಾಳಿ, ಅವನದು. ಇಂಟರ್‌ನೆಟ್ಟಿನ ಕೆಲಸವನ್ನು ಅವನು ಮೌಸಿಲ್ಲದೆ ಕೀಲಿಮಣೆಯಿಂದಲೇ ಮಾಡುತ್ತಿದ್ದ. ಅವನ ಪಾಳಿಯಲ್ಲಿ ನಾನು ಯಂತ್ರದ ಮೇಲೆ ಕೂತಿದ್ದರೆ ಅವನು ಕೀಲಿಮಣೆ ಎಳೆದುಕೊಂಡು ನಂಬರು ಹಚ್ಚುವ ಮೊದಲು “ಕೈ ಎತ್ತು” ಎಂದು ಕೂಗಬೇಕು. ನಾನು ಕಡತ ಉಳಿಸಿ, ಮೌಸಿನಿಂದ ಕೈ ಎತ್ತಿ, “ಎತ್ತೀನಿ” ಎನ್ನಬೇಕು. ಆಮೇಲೆಯೇ ಅವನು ಹಚ್ಚಬೇಕು. ಅಂಗಡಿಗೆ ಬರುವವರಿಗೆಲ್ಲ ಇದೊಂದು ತಮಾಷೆ. ಕೆಲವರು ಬಸ್ ಸ್ಟ್ಯಾಂಡಿನಲ್ಲಿ ನನ್ನನ್ನು ಕಂಡರೆ “ಮಾಸ್ತರ್, ಕೈ ಎತ್ತು” ಎನ್ನುತ್ತಿದ್ದರು. ನಾನೂ ನಗುತ್ತ ಎತ್ತುತ್ತಿದ್ದೆ. ಬೆಳಗಿನಿಂದ ನಾಲ್ಕರವರೆಗೆ ಅಂಗಡಿಗೆ ನಾನೇ ಯಜಮಾನ. ಇಂಟರ್‌ನೆಟ್ಟಿಗೆ ಬಂದವರು ಹೊರಗೆ ಬಿಸಿಲಲ್ಲಿ ನನ್ನ ಪಾಳಿ ಮುಗಿಯಲಿ ಎಂದು ಕಾಯುತ್ತಿದ್ದರು. ಅದು ನನಗೆ ಹಿತವಾಗಿತ್ತು ಎಂಬುದನ್ನು ಈಗ ಮುಚ್ಚಿಟ್ಟು ಏನು ಮಾಡಲಿ?

ಹೀಗೇ ಎಷ್ಟೋ ತಿಂಗಳು ಕಳೆದವು. ಕೊನೆಗೆ ಆ ದಿನ ಬಂತು.

ಮರುದಿನ ಬಂದ್ ಇತ್ತು. ಚಳವಳಿಯ ಮುಂದಾಳು ವೈಜಿನಾಥ ವಕೀಲರು ಮಧ್ಯಾಹ್ನ ಒಂದು ಕರಪತ್ರ ತಂದುಕೊಟ್ಟರು. ಮೇಲೆ ತೆಲುಗು, ಕೆಳಗೆ ಕನ್ನಡ. ನಾಗಲಗಿದ್ದದ ಕಡೆಯ ಹಳ್ಳಿಗಳಲ್ಲಿ ಕನ್ನಡ ಓದುವವರೇ ಹೆಚ್ಚೆಂದು ಕನ್ನಡ. ಸಂಜೆಯೊಳಗೆ ಪುಟ ಸಿದ್ಧವಾದರೆ ಪಕ್ಕದ ಪ್ರೆಸ್ಸಿನಲ್ಲಿ ಅಚ್ಚಾಗಿ, ಕತ್ತಲಾಗುವ ಮೊದಲು ಜೀಪಿನಲ್ಲಿ ಹೋಗಬೇಕು. ನಾನು ಊಟ ಮಾಡಿ, ಒಂದು ನಿದ್ದೆ ತೆಗೆದು, ಆರಾಮವಾಗಿ ಶುರು ಮಾಡಿದೆ. ನಾಲ್ಕು ಹೊಡೆದರೂ ಮುಗಿದಿರಲಿಲ್ಲ. ಅಂಬಾದಾಸ ತನ್ನ ಪಾಳಿಯನ್ನು ನನಗೆ ಬಿಟ್ಟು ಹೊರಗೆ ಕೂತ. ಅಷ್ಟರಲ್ಲಿ ಟೀಚರ್ ಟ್ರೈನಿಂಗಿನ ಪರೀಕ್ಷೆ ಬರೆದ ಒಬ್ಬ ಹುಡುಗಿ ಅಪ್ಪನ ಜೊತೆ ಬಂದಳು. ಅವತ್ತೇ ಫಲಿತಾಂಶ. ಮನೂರಿಗೆ ಹೋಗುವ ಕೊನೆಯ ಆಟೋ ಹೊರಡುವುದರಲ್ಲಿತ್ತು, ಮರುದಿನ ಬಂದ್.

“ಅಣ್ಣಾ, ಎರಡ ನಿಮಿಷ. ಈ ಕೂಸಿನ ನಂಬರ್ ನೋಡಿ ಬಿಡ್ತೀನಿ” ಎಂದ ಅಂಬಾದಾಸ. “ನೋಡು” ಎಂದೆ.

“ಕೈ ಎತ್ತು.”

ಕನ್ನಡದ ಕೊನೆಯ ಎರಡು ಸಾಲು ಉಳಿದಿದ್ದವು. ಉಳಿಸಿಡುವುದಕ್ಕೆ ಎಷ್ಟು ಹೊತ್ತು ಬೇಕು? ಎರಡು ಗುಂಡಿ ಒತ್ತಿದರೆ ಆಗಿತ್ತು. ಯಾಕೋ ಒತ್ತಲಿಲ್ಲ. ಅವನ ಮಾತಿಗೆ ನಾನು ಕೈ ಎತ್ತಬೇಕಲ್ಲ ಎಂಬ ಅಸಹನೆಯೇ ಇರಬೇಕು.

“ಎತ್ತಿದ್ಯೇನಣ್ಣಾ?” ಎಂದು ಅವನು ಮತ್ತೊಮ್ಮೆ ಕೇಳಿದ.

“ಎತ್ತೀನಿ” ಎಂದೆ.

ಮೋಡೆಮ್ ಕಿರಿಚಿತು. ಬಾಣ ನಿಂತಿತು. ಹುಡುಗಿ ಪಾಸಾಗಿದ್ದಳು. ಅಪ್ಪ ಮಗಳು ಅಂಬಾದಾಸನಿಗೆ ಕೈ ಮುಗಿದು ಆಟೋ ಕಡೆ ಓಡಿದರು. ಬಾಣ ಮಾತ್ರ ನಿಂತೇ ಇತ್ತು. ಅಷ್ಟರಲ್ಲಿ ಕೀಲಿಮಣೆಯೂ ಸತ್ತಿತ್ತು, ಏನು ಮಾಡಿದರೂ ಅಲುಗಲಿಲ್ಲ. ಯಂತ್ರ ಆರಿಸಿ ಹಚ್ಚಿದೆ. ಪುಟ ಇರಲಿಲ್ಲ. ಮತ್ತೆ ಮೊದಲಿನಿಂದ ಶುರು ಮಾಡುವಷ್ಟರಲ್ಲಿ ಕರೆಂಟು ಹೋಯಿತು.

“ನೀ ಪರೇಶಾನ್ ಆಗಬ್ಯಾಡಣ್ಣಾ, ಕರೆಂಟ್ ಬರ್ತದ. ನಾ ಛಾ ತರ್ತೀನಿ” ಎಂದು ಅಂಬಾದಾಸ ಕೆಳಗಿಳಿದು ಹೋದ. ವಕೀಲರು ಬಂದದ್ದು ಆಗ. ಜೊತೆಗೆ ಇಬ್ಬರು.

“ಮಾಸ್ತರ್, ಕಾಗದ ಎಲ್ಲದರಿ? ಜೀಪ್ ನಿಂತದ.”

“ಹೋತ್ರಿ ವಕೀಲ್ ಸಾಬ್. ಮಷಿನ್ ನಿಂತು ಎಲ್ಲಾ ಅಳಸಿ ಹೋತು.”

“ಹ್ಯಾಂಗ ನಿಂತತು?”

ಇಲ್ಲಿ ನಾನು ‘ಉಳಿಸಿಡಲಿಲ್ಲ, ನನ್ನ ತಪ್ಪು’ ಎಂದಿದ್ದರೆ ಅವರು ಎರಡು ಮಾತು ಬೈದು ಹೋಗುತ್ತಿದ್ದರು. ಅಷ್ಟೇ ಆಗುತ್ತಿತ್ತು.

“ಅಂಬಾದಾಸ ಹೇಳ್ದೇ ಕೇಳ್ದೇ ಫೋನ್ ಹಚ್ಚಿದ” ಎಂದೆ.

ಅಂಬಾದಾಸ ಚಹಾದ ಗ್ಲಾಸುಗಳನ್ನು ಹಿಡಿದು ಬಾಗಿಲಿಗೆ ಬಂದಿದ್ದ. “ಅಣ್ಣಾ, ನಾ ಕೂಗಿದ್ನಲ್ಲ. ನೀ ಎತ್ತೀನಿ ಅಂದ್ಯಲ್ಲ.”

“ನಾ ಏನೂ ಕೇಳಿಲ್ಲ.”

“ಎರಡ ಸಲ ಕೇಳೀನಣ್ಣಾ.”

ವಕೀಲರು ನಮ್ಮಿಬ್ಬರ ಮುಖ ನೋಡಿದರು. “ಇವತ್ತೇ ಯಾಕ ಆತು ಇದು?” ಎಂದರು. ಅವರು ಸುಮ್ಮನೆ ಕೇಳಿದ್ದರು. ಅದಕ್ಕೆ ಉತ್ತರ ಬೇಕಿರಲಿಲ್ಲ. ನಾನು ಕೊಟ್ಟೆ.

“ಅದೇ ನಾನೂ ವಿಚಾರ ಮಾಡಾಕತ್ತೀನ್ರಿ. ಎರಡು ದಿನದಿಂದ ಹೈದ್ರಾಬಾದಿಂದ ಅಂವಗ ಯಾರೋ ಫೋನ್ ಮಾಡಾಕತ್ಯಾರ.”

ಫೋನ್ ಮಾಡುತ್ತಿದ್ದವನು ಕಂಪ್ಯೂಟರ್ ಸಾಮಾನಿನ ಅಂಗಡಿಯವನು. ಅದು ನನಗೆ ಚೆನ್ನಾಗಿ ಗೊತ್ತಿತ್ತು. ವಕೀಲರ ಜೊತೆ ಬಂದವರಲ್ಲಿ ಒಬ್ಬ ಅಂಬಾದಾಸನ ಕಡೆ ತಿರುಗಿ, “ಏನಲೇ, ಆಂಧ್ರದವರಿಗಿ ಕಾಗದ ತಡೀತೀನಂತ ಮಾತ ಕೊಟ್ಟಿದ್ದೇನು?” ಎಂದ. ರಾಜ್ಯ ಒಡೆಯಬಾರದು ಎನ್ನುವವರೆಲ್ಲ ಆಗ ನಮ್ಮ ಬಾಯಲ್ಲಿ ಆಂಧ್ರದವರು. ಅಂಬಾದಾಸ ನನ್ನನ್ನೇ ನೋಡುತ್ತ ನಿಂತಿದ್ದ. ಆಮೇಲೆ ಗ್ಲಾಸುಗಳನ್ನು ಹೊಸ್ತಿಲ ಮೇಲಿಟ್ಟ. ನಾನು ಸತ್ತ ಪರದೆಯ ಕಡೆ ಮುಖ ತಿರುಗಿಸಿದೆ.

ಇದನ್ನೂ ಹೇಳಿಬಿಡುತ್ತೇನೆ. ನಮ್ಮ ಜಾತಿಯ ಹುಡುಗನ ಮೇಲೆ ನಾನು ಇದೇ ಮಾತು ಹೇಳಿದ್ದರೆ ಯಾರಾದರೂ ಒಬ್ಬರು ‘ನೀ ನೋಡಿದ್ಯೇನು’ ಎಂದು ಕೇಳುತ್ತಿದ್ದರು. ಅಂಬಾದಾಸನ ವಿಷಯದಲ್ಲಿ ಯಾರೂ ಕೇಳಲಿಲ್ಲ. ಕೇಳುವುದಿಲ್ಲ ಎಂದು ನನಗೆ ಗೊತ್ತಿತ್ತು. ಒಂದೇ ಗ್ಲಾಸಿನ ಚಹಾ ಕುಡಿದವನು ನಾನು.

ಮರುದಿನ ನಾಗಲಗಿದ್ದದ ಕಡೆ ಬಂದ್ ಆಗಲಿಲ್ಲ. ಅಂಗಡಿಗಳು ತೆರೆದಿದ್ದವು, ಆಟೋ ಓಡಿದವು. ವಕೀಲರಿಗೆ ಮೇಲಿನವರ ಮುಂದೆ ತಲೆ ತಗ್ಗಿಸುವಂತಾಯಿತು. ಆ ಸಿಟ್ಟಿನಲ್ಲಿ ಮಾತು ಹಳ್ಳಿ ಹಳ್ಳಿಗೆ ಹರಡಿತು. ಅಂಬಾದಾಸ ಮತ್ತೆ ಅಂಗಡಿಗೆ ಬರಲಿಲ್ಲ. ತನ್ನ ಯಂತ್ರವನ್ನು ಕೇಳಲೂ ಬರಲಿಲ್ಲ. ತಾಂಡೂರಿನ ಕಡೆ ಹೋದನೆಂದು ಯಾರೋ ಹೇಳಿದರು.

ಅವನು ಬರುವುದಿಲ್ಲ ಎಂದು ಖಾತ್ರಿಯಾದ ಮೇಲೆ ನಾನು ಯಂತ್ರದ ಹೊಟ್ಟೆ ಬಿಚ್ಚಿದೆ. ಮೋಡೆಮಿನ ಜಂಪರನ್ನು ಉಗುರಿನಿಂದ ಕಿತ್ತು ಐದನೇ ಲೈನಿಗೆ ಕೂಡಿಸಿದೆ. ಒಂದು ಬೀಡಿ ಸೇದುವಷ್ಟು ಹೊತ್ತಿನ ಕೆಲಸ. ಮೋಡೆಮ್ ಕಿರಿಚಿತು, ಬಾಣ ಓಡಾಡುತ್ತಲೇ ಇತ್ತು. ಬಂದವರು ನೋಡಿ ಬೆರಗಾದರು. “ಅಂಬಾದಾಸ ಹೋದ ಮ್ಯಾಲ ಮಷಿನ್ ಸುಧಾರಸ್ತು ನೋಡ್ರಿ ಮಾಸ್ತರ್. ಅಂವನೇ ಏನೋ ಮಾಡಿಟ್ಟಿದ್ದ” ಎಂದರು. ನಾನು ಹೇಳಿದ ಸುಳ್ಳಿಗೆ ಸಾಕ್ಷಿ ಇರಲಿಲ್ಲ, ಯಂತ್ರವೇ ಸಾಕ್ಷಿ ಹೇಳಿತು. ಅವರ ಮಾತಿಗೆ ನಾನು ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. ಸೋನಮ್ಮ ಮತ್ತೆಂದೂ ಮೆಟ್ಟಿಲಿಗೆ ಬರಲಿಲ್ಲ. ಸಂತೆಯ ದಿನ ರಸ್ತೆಯ ಆಚೆ ಬದಿಯಿಂದ ಹೋಗುತ್ತಿದ್ದಳು. ನನ್ನ ಮೇಲಿನ ಸಿಟ್ಟಿಗೆ ಹಾಗೆ ಹೋಗುತ್ತಾಳೆ ಎಂದು ನಾನು ತಿಳಿದಿದ್ದೆ.

ಮುಂದೆ ಇಂಥ ಅಂಗಡಿಗಳು ಹತ್ತಾದವು, ನನ್ನದು ಮುಚ್ಚಿತು. ನಾನು ಜಹೀರಾಬಾದಿಗೆ ಬಂದೆ. ರಾಜ್ಯವೂ ಬಂತು. ಕಬಾಡಿ ಅಂಗಡಿಯ ಮುಂದೆ ನಿಲ್ಲುವವರೆಗೆ ನಾನು ಈ ವಿಷಯವನ್ನು ಮರೆತಿರಲಿಲ್ಲ, ಆದರೆ ಎದುರಿಗೆ ಕೂಡಿಸಿಕೊಂಡು ನೋಡಿರಲಿಲ್ಲ. ಮೈಯಲ್ಲಿ ಶಕ್ತಿ ಇರುವಾಗಲೇ ಹೋಗಿಬರಬೇಕು ಅನ್ನಿಸಿತು. ಮುಂದಿನ ವಾರ ಬಸ್ಸು ಬದಲಿಸಿ ತಾಂಡೂರಿಗೆ ಹೋದೆ.

ತಾಂಡೂರಿನಲ್ಲಿ ಬೇವಿನ ಎಲೆಯೂ ಕಲ್ಲಿನ ಬಣ್ಣದ್ದು, ಅಷ್ಟು ಧೂಳು. ಅವರಿವರನ್ನು ಕೇಳುತ್ತ ಹೋದೆ. ಕಲ್ಲಿನ ಲಾರಿಗಳನ್ನು ತೂಗುವ ಕಾಟಾದ ಕೋಣೆಯಲ್ಲಿ ಅಂಬಾದಾಸ ಕೂತಿದ್ದ. ತಲೆ ಪೂರ್ತಿ ಬೆಳ್ಳಗಾಗಿತ್ತು. ನನ್ನನ್ನು ಕೂಡಲೇ ಗುರುತು ಹಿಡಿದ. “ಬಾ ಅಣ್ಣಾ, ಕುಂದ್ರು” ಎಂದು ಸ್ಟೂಲು ಸರಿಸಿ ನೀರು ಕೊಟ್ಟ. ಆ ‘ಅಣ್ಣಾ’ ಎಂಬ ಮಾತು ಉಳಿದಿರುತ್ತದೆ ಎಂದು ನಾನು ಎಣಿಸಿರಲಿಲ್ಲ. ಎಲ್ಲವನ್ನೂ ಹೇಳಿದೆ. ಹೈದರಾಬಾದಿನ ಅಂಗಡಿಯಿಂದ ಹಿಡಿದು ಹೇಳಿದೆ. ಅವನು ತೂಕದ ಅಂಕಿಗಳನ್ನು ನೋಡುತ್ತ ಕೇಳಿದ.

“ಅಂದ್ರ ಎರಡೂ ಒಮ್ಮಿಗೇ ನಡೀತಿದ್ವು?”

“ನಡೀತಿದ್ವು.”

“ಮೊದಲಿಂದ?”

“ಮೊದಲ ವಾರದಿಂದ.”

ಅವನು ಸ್ವಲ್ಪ ನಕ್ಕ. “ನಾ ಎಷ್ಟ ಕೂಗೀನಣ್ಣಾ, ಕೈ ಎತ್ತು ಕೈ ಎತ್ತು ಅಂತ” ಎಂದ. ಮತ್ತೊಂದು ಲಾರಿ ಬಂತು. ಅದನ್ನು ತೂಗಿ ಕಳಿಸಿ ಬಂದು ಹೇಳಿದ.

“ನಮ್ಮವ್ವ ನಂಬಿಬಿಟ್ಳು. ಅದಕ್ಕೇ ನಾ ಊರು ಬಿಟ್ಟೆ. ಮಂದಿ ಅಂದ್ರ ತಡ್ಕೋಬಹುದಿತ್ತು. ಅಕಿ ಕೇಳಿದಳು, ‘ನಾ ರಸ್ತಾದಾಗ ಕುಂತಿದ್ದೆ, ನೀ ಯಾರ ಕಡಿ ಇದ್ದಿ’ ಅಂತ. ನಾ ಹೇಳಿದೆ, ಮಾಸ್ತರ್ ಸುಳ್ಳ ಹೇಳ್ಯಾರ ಅಂತ. ‘ಮಾಸ್ತರ್ ಯಾಕ ಸುಳ್ಳ ಹೇಳ್ತಾರ, ಅವರಿಗೇನ್ ಬಂದದ’ ಅಂದಳು. ರಾಜ್ಯ ಬಂದ ದಿನ ನಾ ಊರಿಗಿ ಹೋಗಿದ್ದೆ. ಓಣಿ ತುಂಬ ಸಕ್ರಿ ಹಂಚಿದಳು. ಸಣ್ಣ ಮಕ್ಕಳಿಗಿ ಕರದು ಕರದು ಕೊಟ್ಳು. ನಾ ಕೈ ಚಾಚಿ ನಿಂತಿದ್ದೆ. ನನ್ನ ದಾಟಿ ಮುಂದ ಹೋದಳು.”

“ಈಗ?” ಎಂದೆ. ಕೇಳುವ ಮೊದಲೇ ಗೊತ್ತಾಗಿತ್ತು.

“ಹೋಗ್ಯಾಳ. ಭಾಳ ದಿನ ಆತು.”

ನಾನು ಅವನ ಕಾಲ ಕಡೆ ಬಗ್ಗಿದೆ. ಅವನು ತನ್ನ ಕಾಲನ್ನು ಸ್ಟೂಲಿನ ಕೆಳಗೆ ಎಳೆದುಕೊಂಡ. “ನನಗ ಹೇಳಿ ಏನ್ ಮಾಡ್ತಿ ಅಣ್ಣಾ? ನಾ ಮಾಡಿಲ್ಲಂತ ನನಗ ಗೊತ್ತೇ ಅದ. ಗೊತ್ತಿಲ್ಲದವರಿಗಿ ಹೇಳು” ಎಂದ. ಹೊರಡುವಾಗ ತನ್ನ ಮೊಬೈಲ್ ನಂಬರು ಹೇಳಿದ. ಕ್ಷಮಿಸಿದೆ ಎನ್ನಲಿಲ್ಲ. ನಾನೂ ಕೇಳಲಿಲ್ಲ.

ಗೊತ್ತಿಲ್ಲದವರು ಯಾರು? ಆ ದಿನ ಅಂಗಡಿಗೆ ಬಂದ ಮೂವರಲ್ಲಿ ಒಬ್ಬ ತೀರಿಕೊಂಡಿದ್ದಾನೆ. ಇನ್ನೊಬ್ಬ ದುಡಿಯಲು ಪುಣೆಯ ಕಡೆ ಹೋದವನು ಎಲ್ಲಿದ್ದಾನೋ ತಿಳಿಯದು. ಉಳಿದವರು ವೈಜಿನಾಥ ವಕೀಲರು. ಖೇಡದಲ್ಲೇ ಇದ್ದಾರೆ, ಕೋರ್ಟಿಗೆ ಹೋಗುವುದನ್ನು ಬಿಟ್ಟಿದ್ದಾರೆ. ಮೊನ್ನೆ ಹೋದೆ. ಪಡಸಾಲೆಯಲ್ಲಿ ಕೂಡಿಸಿ ಪ್ರೀತಿಯಿಂದ ಮಾತಾಡಿಸಿದರು. ಬಂದ ಕೆಲಸ ಹೇಳಿದೆ.

“ಯಾವ ಅಂಬಾದಾಸರಿ?” ಎಂದರು.

“ನನ್ನ ಅಂಗಡ್ಯಾಗಿದ್ದ. ಬಂದ್ ಕಾಗದ ಅಳಸಿ ಹೋಗಿತ್ತಲ್ಲರಿ.”

“ಎಷ್ಟು ಬಂದ್, ಎಷ್ಟು ಕಾಗದ. ಯಾವದಂತ ನೆನಪಿಡಾದು? ಬಿಡ್ರಿ ಮಾಸ್ತರ್, ರಾಜ್ಯ ಬಂತಲ್ಲ” ಎಂದು ನಕ್ಕು, ಚಹಾ ಹೇಳಲು ಒಳಗೆ ಹೋದರು.

ಅಂಗಳಕ್ಕೆ ಬಂದು ನಿಂತೆ. ಒಬ್ಬನ ಬಾಳನ್ನು ಕೆಡಿಸಿದ ಮಾತು ಅದನ್ನು ಕೇಳಿದವನ ತಲೆಯಲ್ಲಿ ಒಂದು ಗೀರನ್ನೂ ಉಳಿಸಿರಲಿಲ್ಲ. ನನಗೆ ಒಂದು ಕ್ಷಣ ಹಗುರವೆನಿಸಿತು, ಅದನ್ನೂ ಒಪ್ಪಿಕೊಳ್ಳುತ್ತೇನೆ. ಅಂಬಾದಾಸನಿಗೆ ಫೋನ್ ಹಚ್ಚಿದೆ. “ಅವರು ಮರ್ತಾರ. ನಿನ್ನ ಹೆಸರೇ ನೆನಪಿಲ್ಲ” ಎಂದೆ.

ಅವನು ಯಾರಿಗೋ ಲಾರಿ ನಿಲ್ಲಿಸಲು ಹೇಳಿದ್ದು ಕೇಳಿಸಿತು.

“ಹಂಗಾರ ನೆನಪ ಮಾಡಿಸು” ಎಂದ. “ಮೊದಲ ನೀ ಹೇಳಿದ ಸುಳ್ಳ ಹೇಳು. ಅದು ನೆನಪಾದ ಮ್ಯಾಲ ಖರೇದ ಹೇಳು. ಫೋನ್ ಇಡಬ್ಯಾಡ. ನಾ ಕೇಳ್ತೀನಿ.”

ಫೋನನ್ನು ಹಾಗೇ ಹಿಡಿದುಕೊಂಡು ಒಳಗೆ ಬಂದು ವಕೀಲರ ಎದುರು ಕೂತೆ. ಫೋನನ್ನು ನಡುವಿನ ಟೀಪಾಯಿಯ ಮೇಲಿಟ್ಟೆ. ಅಂಬಾದಾಸ ಕೇಳುತ್ತಿದ್ದಾನೆ ಎಂದು ಅವರಿಗೆ ಹೇಳಲಿಲ್ಲ. “ವಕೀಲ್ ಸಾಬ್, ನಾಗಲಗಿದ್ದದ ಕಡಿ ಒಂದು ಸಲ ಬಂದ್ ಆಗಲಿಲ್ಲ, ನಿಮಗ ಮ್ಯಾಲಿನವರು ಬೈದಿದ್ರು” ಎಂದು ಶುರು ಮಾಡಿದೆ. ಅದು ಅವರಿಗೆ ನೆನಪಿತ್ತು. ತಮಗೆ ಆದ ಅವಮಾನವನ್ನು ಯಾರು ಮರೆಯುತ್ತಾರೆ? “ಅವತ್ತು ನಾ ನಿಮಗ ಹೇಳಿದ್ದೆ, ಅಂಬಾದಾಸ ಹೇಳ್ದೇ ಕೇಳ್ದೇ ಫೋನ್ ಹಚ್ಚಿದ, ಅಂವಗ ಹೈದ್ರಾಬಾದಿಂದ ಫೋನ್ ಬರಾಕತ್ತಾವ ಅಂತ.” ಅಷ್ಟು ವರ್ಷದ ಮೇಲೆ ಅದೇ ಮಾತನ್ನು ಅದೇ ಬಾಯಿಂದ, ಅವನು ಕೇಳುತ್ತಿರುವಾಗ, ಮತ್ತೆ ಆಡಿದೆ.

ವಕೀಲರ ಮುಖ ನಿಧಾನವಾಗಿ ಬದಲಾಯಿತು. “ಹಾಂ, ನೆನಪಾತು” ಎಂದರು. “ಮನೂರ ಕಡೀದು. ಆಂಧ್ರದವರ ಕಡಿ ಹೋದ ಹುಡುಗ. ಅವನವ್ವ ಭಾಳ ಚಲೋ ಹೆಣ್ಮಗಳು, ಪಾಪ. ಅಂಥ ತಾಯಿ ಹೊಟ್ಟ್ಯಾಗ ಇಂಥಂವ ಹ್ಯಾಂಗ ಹುಟ್ಟಿದ ಅಂತ ನಾನೇ ಅಕಿ ಮುಂದ ಅಂದಿದ್ದೆ.”

ಫೋನಿನಲ್ಲಿ ಲಾರಿಯೊಂದು ಕಾಟಾ ಹತ್ತುವ ಸದ್ದು ಕೇಳಿಸಿತು.

“ಅಲ್ಲರಿ ವಕೀಲ್ ಸಾಬ್” ಎಂದೆ. “ಅಂವ ಕೂಗಿದ್ದ. ಎರಡು ಸಲ ಕೂಗಿದ್ದ. ನಾ ಕೇಳಿದ್ದೆ.”